ಕೋರಾ ಬೆಲ್‌ವುಡ್ ಹೇಳದ ಮಾತು

ಕಾರ್ಕಳ,
14 ಜೂನ್ 1982

ಮಾನ್ಯ ಅಧ್ಯಕ್ಷರೇ, ಮುಂದಿನ ಸಾಲಿನ ಗಣ್ಯರೇ, ಹಿಂದಿನ ಬೆಂಚಿನ ಪುಣ್ಯವಂತರೇ, ಟಿಕೆಟ್ ಇಲ್ಲದೆ ಕಿಟಕಿಯ ಸರಳಿಗೆ ಜೋತುಬಿದ್ದಿರುವ ಮಹಾಶಯರೇ,

ತಮ್ಮೆಲ್ಲರ ಅಪ್ಪಣೆ ಪಡೆದು, ಹಾಲಿವುಡ್ಡಿನ ಆದಿಕಾಲದ ಕಥೆಗಾರ್ತಿಯೂ ನಿರ್ದೇಶಕಿಯೂ ಆದ ಕೋರಾ ಬೆಲ್‌ವುಡ್ ಎಂಬ ಮಹಾತಾಯಿಯ ಬಗ್ಗೆ ನಾಲ್ಕು ಮಾತು ಆಡಲು ನಿಂತಿದ್ದೇನೆ. ಇವನಿಗೆ ಏನು ಅಧಿಕಾರ ಎಂದು ಕೇಳಬೇಡಿ. ಮಣಿಪಾಲದ ಇಂಗ್ಲಿಷ್ ಲೆಕ್ಚರರ್ ವ್ಯಾಲೆಂಟೈನ್ ರೊಸಾರಿಯೊ ಎಂಬವರು ಈ ತಾಯಿಯ ಕುರಿತು ವಾರಪತ್ರಿಕೆಯೊಂದರಲ್ಲಿ ಲೇಖನಮಾಲೆ ಬರೆಯುತ್ತಿದ್ದಾರೆ. ನನ್ನ ಹೆಂಡತಿ ಸೆಲೀನ್ ಅದನ್ನು ಪ್ರತಿವಾರ ಗಟ್ಟಿಯಾಗಿ ಓದುತ್ತಾಳೆ. ಕಣ್ಣಿಗೆ ರೆಪ್ಪೆ ಕೊಟ್ಟ ದೇವರು ಕಿವಿಗೆ ಕೊಡಲಿಲ್ಲ.

ಸಂಗತಿ ಹೀಗೆ. ಈಕೆ ಮೊದಲು ಸ್ಟುಡಿಯೋದಲ್ಲಿ ಟೈಪಿಸ್ಟ್. ಬೇರೆಯವರ ಕಥೆ ಟೈಪು ಮಾಡುತ್ತಾ ಮಾಡುತ್ತಾ ತಿದ್ದಿದಳು, ತಿದ್ದುತ್ತಾ ತಿದ್ದುತ್ತಾ ತಾನೇ ಬರೆದಳು. ಒಂದು ದಿನ ನಿರ್ದೇಶಕ ಕುದುರೆಯಿಂದ ಬಿದ್ದ, ಅವನ ಮೆಗಾಫೋನ್ ಇವಳ ಕೈಗೆ ಬಂತು. ಆಮೇಲೆ ವಾರಕ್ಕೊಂದು ಮೂಕಿ ಚಿತ್ರ. ಸಭಿಕರೇ, ಕಾರ್ಕಳದ ಟಾಕೀಸಿನ ಮೆನೇಜರನಾದ ನಾನೂ ವಾರಕ್ಕೊಂದು ಚಿತ್ರ ಬದಲಾಯಿಸುತ್ತೇನೆ. ಅಂಬಾಸಡರ್ ಕಾರಿಗೆ ಮೈಕ್ ಕಟ್ಟಿ ಬಜಗೋಳಿಯವರೆಗೆ ಕೂಗಿಕೊಂಡು ಹೋಗುತ್ತೇನೆ: "ನಗಲು ಬನ್ನಿ, ಅಳಲು ಬನ್ನಿ, ಕರವಸ್ತ್ರ ಮಾತ್ರ ಮನೆಯಿಂದ ತನ್ನಿ." ಮೆಗಾಫೋನಿನ ಮಟ್ಟಿಗೆ ನಾವಿಬ್ಬರೂ ಒಂದೇ ಕುಲ. ಲೇಖನಮಾಲೆ ಮಾತ್ರ ಅವಳ ಪಾಲಿಗೆ.

ಭಾಷಣ ಮುಗಿಯಿತು. ಚಪ್ಪಾಳೆ ಬೇಡ.

ವ್ಯಾಲಿ, ಒಂದು ಸಣ್ಣ ಸಂಶಯ. ಹೋದ ವಾರ "ದಡದ ಮನೆ" ಚಿತ್ರದ ಬಗ್ಗೆ ಬರೆದೆಯಲ್ಲ? ಕಡಲಿಗೆ ಹೋದ ಗಂಡ ವರ್ಷಗಟ್ಟಲೆ ಕಳೆದ ಮೇಲೆ ಬಂದು ಬಾಗಿಲು ತಟ್ಟುತ್ತಾನೆ, ಹೆಂಡತಿ ಬಾಗಿಲು ತೆರೆದು ಒಂದು ಮಾತು ಹೇಳುತ್ತಾಳೆ: "ಹೋದವನಿಗೆ ಹಾದಿ ಮಾತ್ರ ಗೊತ್ತು, ಉಳಿದವಳಿಗೆ ಒಂದೊಂದು ಹೊತ್ತೂ ಗೊತ್ತು." ಈ ಒಂದು ಮಾತು ಸಾಕು, ಬೆಲ್‌ವುಡ್ ಸಾಯುವುದಿಲ್ಲ ಎಂದು ಬರೆದಿದ್ದೀ. ಅದು ಇಂಗ್ಲಿಷಿನಲ್ಲಿ ಹೇಗಿತ್ತು? ಗೊತ್ತು, ಹೊತ್ತು ಎಂಬ ಪ್ರಾಸ ಅಮೆರಿಕದಲ್ಲಿಯೂ ಉಂಟಾ? ಸುಮ್ಮನೆ ಕೇಳಿದೆ.

ನಿನ್ನ,
ಜೋಕಿಮ್ ಮಥಾಯಸ್


ಮಣಿಪಾಲ,
3 ಜುಲೈ 1982

ಪ್ರಿಯ ಜೋಕಿಮ್,

ನಿನ್ನ ಭಾಷಣ ತಲುಪಿತು. ಇನ್ನಂಜೆಯ ಶಾಲೆಯಲ್ಲಿ ಬೆಂಚಿನ ಮೇಲೆ ಹತ್ತಿ ಇದೇ ಧಾಟಿಯಲ್ಲಿ ಮಾತಾಡಿ ಪೆಟ್ಟು ತಿನ್ನುತ್ತಿದ್ದೆ. ಪೆಟ್ಟಿನಿಂದ ಏನೂ ಪ್ರಯೋಜನವಾದ ಹಾಗೆ ಕಾಣುವುದಿಲ್ಲ. ಸೆಲೀನ್ ಓದುತ್ತಾರೆಂದು ತಿಳಿದು ನಿಜಕ್ಕೂ ಸಂತೋಷವಾಯಿತು.

ಇಂಗ್ಲಿಷ್ ಮೂಲದ ಬಗ್ಗೆ ಕೇಳಿದ್ದೀ. ಮೂರು ವರ್ಷದ ಹಿಂದೆ ನಮ್ಮ ಫಿಲ್ಮ್ ಸೊಸೈಟಿ ಉಡುಪಿಯಲ್ಲಿ ತೋರಿಸಿದ್ದು ಜೆಕೊಸ್ಲೊವಾಕಿಯದ ಗೋದಾಮಿನಲ್ಲಿ ಸಿಕ್ಕಿದ ಪ್ರತಿ. ದೃಶ್ಯಗಳ ನಡುವೆ ಬರುವ ಬರಹವೆಲ್ಲ ಅಲ್ಲಿಯ ಭಾಷೆಯಲ್ಲಿತ್ತು, ಅದರ ಇಂಗ್ಲಿಷ್ ಕಾಗದ ನಿನ್ನ ಕೈಯಲ್ಲಿತ್ತು. ನೀನು ಪರದೆಯ ಪಕ್ಕ ನಿಂತು ಕನ್ನಡದಲ್ಲಿ ಹೇಳಿದ್ದನ್ನು ನಾನು ನೆನಪಿಟ್ಟು ಬರೆದೆ. ಹಾಗಾಗಿ ಅನುವಾದದ ಪುಣ್ಯದಲ್ಲಿ ನಿನಗೂ ಒಂದು ಚೂರು ಪಾಲಿದೆ.

ಮುಂದಿನ ವಾರದ ಕಂತನ್ನು ತಪ್ಪದೆ ಓದು. ಸ್ಟುಡಿಯೋದ ಮಾಲೀಕ ಅವಳ ಚಿತ್ರಗಳಿಗೆ ತನ್ನ ಹೆಸರು ಹಾಕಿಕೊಂಡ ಸಂಗತಿ ಬರುತ್ತದೆ. ಬರೆದವಳು ಒಬ್ಬಳು, ಮೆರೆದವನು ಇನ್ನೊಬ್ಬ. ಮಾತಾಡುವ ಚಿತ್ರ ಬಂದ ಕೂಡಲೇ ಅವಳನ್ನು ಹೊರಗೆ ಹಾಕಿದರು. ಕೊನೆಗೆ ಒಂದು ಟೊಪ್ಪಿ ಅಂಗಡಿಯಲ್ಲಿ ಗಿರಾಕಿಗಳ ತಲೆ ಅಳೆಯುತ್ತಿದ್ದಳು. ಅಂಗಡಿಯ ಎದುರಿನ ಥಿಯೇಟರಿನಲ್ಲಿ ಅವಳದೇ ಚಿತ್ರ ಬೇರೆಯವನ ಹೆಸರಿನಲ್ಲಿ ಓಡಿತಂತೆ. ನೀನೇ ಹೇಳು, ಜೋಕಿಮ್. ಇನ್ನೊಬ್ಬರ ಮಾತು ಕದಿಯುವುದಕ್ಕಿಂತ ದೊಡ್ಡ ಕಳ್ಳತನ ಯಾವುದು?

ವಿಶ್ವಾಸದಿಂದ,
ವ್ಯಾಲೆಂಟೈನ್


ಕಾರ್ಕಳ,
22 ಆಗಸ್ಟ್ 1982

ಪ್ರಿಯ ಡೊಮಿನಿಕ್,

ದೋಹಾದಲ್ಲಿ ಸುಖವೇ? ನನಗೆ ಹೊಟ್ಟೆ ಸರಿಯಿಲ್ಲ. ಡಾಕ್ಟರು ಅಸಿಡಿಟಿ ಎನ್ನುತ್ತಾರೆ. ಸೆಲೀನ್ ಮಾತ್ರ, ಅದಕ್ಕೆ ಕನ್ನಡದಲ್ಲಿ ಇನ್ನೂ ಸರಿಯಾದ ಶಬ್ದ ಉಂಟು ಎನ್ನುತ್ತಾಳೆ.

ನೀನು ಫಿಲ್ಮ್ ಸೊಸೈಟಿಯ ಸೆಕ್ರೆಟರಿಯಾಗಿದ್ದಾಗ ತೋರಿಸಿದ "ದಡದ ಮನೆ" ನೆನಪುಂಟಾ? ಎರಡನೇ ರೀಲು ಮುಗಿಯುವಾಗ ನೀನು ಪ್ರೊಜೆಕ್ಟರಿನ ಹಿಂದಿನಿಂದ ಬೆವರಿಕೊಂಡು ಬಂದು ನನ್ನ ಕಿವಿಯಲ್ಲಿ ಹೇಳಿದ್ದು ನೆನಪುಂಟಾ?

"ಜೋಕಿಮ್, ಇನ್ನು ಮುಂದಿನ ಕಾಗದ ಇಲ್ಲ ಮಾರಾಯ. ಪೆಟ್ಟಿಗೆಯಲ್ಲಿ ಇಷ್ಟೇ ಬಂದದ್ದು."

"ಹಾಗಾದರೆ ಎಂತ ಹೇಳುವುದು?"

"ನಿನ್ನ ಮೈಕಿನ ಕಾರಿನಲ್ಲಿ ಯಾವ ಕಾಗದ ಉಂಟು? ಬಾಯಿಗೆ ಬಂದದ್ದು ಹೇಳು. ವ್ಯಾಲಿಗೆ ಮಾತ್ರ ಗೊತ್ತಾಗಬಾರದು, ಅವನು ಲೈಟು ಹಾಕಿಸಿ ಎಲ್ಲರ ಕ್ಷಮೆ ಕೇಳಿಯಾನು."

ಹೇಳಿದೆ. ಮೂರು, ನಾಲ್ಕು, ಐದು, ಆರು, ಅಷ್ಟೂ ರೀಲಿಗೆ ನಾನೇ ಮಾತು ಕೊಟ್ಟೆ. ಪರದೆಯ ಮೇಲೆ ತುಟಿ ಅವರದು, ಮಾತು ನನ್ನದು. ಬಾಗಿಲು ತೆರೆಯುವ ದೃಶ್ಯ ಬಂದಾಗ ನನಗೆ ಏನೂ ತೋಚಲಿಲ್ಲ. ಆಚೆ ನೋಡಿದೆ. ಮೊದಲ ಸಾಲಿನಲ್ಲಿ ಸೆಲೀನಳ ತಂಗಿ ಲೊರ್ನಾ ಇದ್ದಳು. ಕಾಪುವಿನಿಂದ ನೆರೆಮನೆಯ ಐಸಮ್ಮನನ್ನೂ ಕರೆದುಕೊಂಡು ಬಂದಿದ್ದಳು. ಒಬ್ಬಳ ಗಂಡ ಬಹರೈನಿನಲ್ಲಿ, ಇನ್ನೊಬ್ಬಳ ಗಂಡ ದುಬೈಯಲ್ಲಿ. ಪರದೆಯ ಬೆಳಕು ಇಬ್ಬರ ಮುಖದ ಮೇಲೆ ಬಿದ್ದಿತ್ತು. ಆ ಮುಖ ನೋಡಿ ಬಂದ ಮಾತು ಅದು. ಈಗ ವ್ಯಾಲಿ ಅದನ್ನು ಎತ್ತಿ ಕೋರಾ ಬೆಲ್‌ವುಡ್‌ಳ ಬಾಯಿಗೆ ಹಾಕಿದ್ದಾನೆ, ಜಿಲ್ಲೆಯ ಅರ್ಧ ಜನ ಅದನ್ನು ಬಾಯಿಪಾಠ ಮಾಡಿದ್ದಾರೆ.

ಲೊರ್ನಾ ಅದನ್ನು ಕ್ಯಾಸೆಟ್ಟಿನಲ್ಲಿ ಮಾತಾಡಿ ಬಹರೈನಿಗೆ ಕಳುಹಿಸಿದಳು. ಅವಳ ಗಂಡ ಪೀಟರ್ ತಿರುಗಿ ಕಳುಹಿಸಿದ ಕ್ಯಾಸೆಟ್ಟಿನಲ್ಲಿ ಮೊದಲ ಐದು ನಿಮಿಷ ಬರೀ ಅಳುವುದೇ ಉಂಟು. ಮುಂದಿನ ತಿಂಗಳ ಮೊಂತಿ ಫೆಸ್ತಿನ ಹಬ್ಬಕ್ಕೆ ರಜೆ ಹಾಕಿ ಬರುತ್ತಾನಂತೆ. ಲೊರ್ನಾ ನನಗೆ ಹೇಳುತ್ತಾಳೆ, "ಭಾವ, ಆ ಅಮೆರಿಕದ ಹೆಂಗಸು ನನ್ನ ಮನಸ್ಸಿನ ಒಳಗೆ ಹೇಗೆ ಹೊಕ್ಕಳೋ!" ನಾನು ಎದುರಿಗೇ ಕೂತಿದ್ದೆ, ಡೊಮಿನಿಕ್. ಅವಳೇ ಮಾಡಿದ ಚಾ ಕುಡಿಯುತ್ತಾ.

ಸೆಲೀನ್ ಆ ದಿನ ಜ್ವರದಿಂದ ಬಂದಿರಲಿಲ್ಲ. ಅವಳು ಆ ಸಾಲನ್ನು ಪತ್ರಿಕೆಯಿಂದ ಕತ್ತರಿಸಿ ಕಪಾಟಿನ ಬಾಗಿಲಿಗೆ ಅಂಟಿಸಿದ್ದಾಳೆ. ಮೊನ್ನೆ ತಡೆಯಲಾರದೆ ಹೇಳಿಬಿಟ್ಟೆ, "ಅದು ನನ್ನ ಮಾತು" ಎಂದು. ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ.

"ನಿಮ್ಮ ಮಾತಾ? ಮದುವೆಯಾಗಿ ಇಷ್ಟು ವರ್ಷ ಆಯಿತು, ನನಗೆ ಅಂಥದ್ದು ಒಂದಾದರೂ ಹೇಳಿದ್ದುಂಟಾ? 'ಊಟಕ್ಕೆ ಎಂತ, ಚಾ ಆಯಿತಾ ಅಂತ', ಇಷ್ಟೇ ಅಲ್ವಾ ನಿಮ್ಮ ಪ್ರಾಸ?"

ಅದಕ್ಕೇ ಈ ಕಾಗದ, ಡೊಮಿನಿಕ್. ನೀನು ಎರಡು ಗೆರೆ ಬರೆದು ಹಾಕು, ಕಾಗದ ಬಂದಿರಲಿಲ್ಲ ಎಂದು. ವ್ಯಾಲಿಗೆ ತೋರಿಸುವುದಿಲ್ಲ. ಸೆಲೀನಳಿಗೆ ತೋರಿಸಿದರೆ ಸಾಕು. ಈಗ ಹೀಗೆ ಹೇಳುತ್ತಿದ್ದೇನೆ. ಕೈಗೆ ಬಂದ ಮೇಲೆ ಯಾರಿಗೆಲ್ಲ ತೋರಿಸುತ್ತೇನೋ ಗೊತ್ತಿಲ್ಲ.

ನಿನ್ನ,
ಜೋಕಿಮ್


ದೋಹಾ,
2 ಅಕ್ಟೋಬರ್ 1982

ಜೋಕಿಮ್,

ಬರೆದು ಕೊಡುವುದಿಲ್ಲ. ಸಿಟ್ಟು ಮಾಡಬೇಡ. ನಮ್ಮ ಕೋಣೆಯಲ್ಲಿ ಶಿರ್ವದ ಒಬ್ಬ ಇದ್ದಾನೆ, ಅವನ ಹೆಂಡತಿ ಆ ಮಾತನ್ನು ಬರೆದು ಕಳುಹಿಸಿದ್ದಾಳೆ. ಮಂಚದ ಮೇಲೆ ಗೋಡೆಗೆ ಅಂಟಿಸಿದ್ದಾನೆ, ಕೆಳಗೆ ಆ ಅಮೆರಿಕದವಳ ಹೆಸರು. ನಾನು ಎಲ್ಲರ ಎದುರು ಹೇಳಿದೆ, "ಇದು ನಮ್ಮ ಕಾರ್ಕಳದ ಟಾಕೀಸಿನ ಜೋಕಿಮ್ ಹೇಳಿದ್ದು" ಎಂದು. ಅವನು, "ಹೌದು, ವಿಮಾನ ಕಂಡುಹಿಡಿದದ್ದು ನನ್ನ ಅಜ್ಜ" ಎಂದ. ಕೋಣೆಯಲ್ಲಿದ್ದವರೆಲ್ಲ ಮಗುಚಿಬಿದ್ದು ನಕ್ಕರು.

ಜನರಿಗೆ ಆ ಮಾತು ದೂರದಿಂದ ಬರಬೇಕು ಮಾರಾಯ. ಕಾರ್ಕಳ ಬಸ್‌ಸ್ಟ್ಯಾಂಡಿನಿಂದ ಬಂದರೆ ಬೇಡ. ನಾನೂ ನೀನೂ ನಕ್ಕು ಸುಮ್ಮನಾಗುವ.

ಡೊಮಿನಿಕ್


ಮಣಿಪಾಲ,
11 ಡಿಸೆಂಬರ್ 1982

ಪ್ರಿಯ ಜೋಕಿಮ್,

ನಿನ್ನಿಂದ ಕಾಗದವಿಲ್ಲದೆ ತುಂಬ ದಿನವಾಯಿತು. ಲೇಖನಮಾಲೆ ಪುಸ್ತಕವಾಗುತ್ತಿದೆ. ಜನವರಿ ಮೂವತ್ತರ ಭಾನುವಾರ ಉಡುಪಿಯಲ್ಲಿ ಬಿಡುಗಡೆ. ಹಿಂದಿನ ರಕ್ಷಾಪುಟದಲ್ಲಿ ಬೆಲ್‌ವುಡ್‌ಳ ಭಾವಚಿತ್ರ, ಅದರ ಕೆಳಗೆ ಅವಳ ಆ ಮಾತು. ಅಧ್ಯಕ್ಷತೆಗೆ ಬರುವವರು ದೊಡ್ಡವರು, ಇಂಗ್ಲಿಷ್, ಕನ್ನಡ ಎರಡೂ ಬಲ್ಲವರು.

ಅದೇ ದಿನ "ದಡದ ಮನೆ"ಯನ್ನು ಮತ್ತೆ ತರಿಸುತ್ತಿದ್ದೇವೆ. ಪರದೆಯ ಪಕ್ಕಕ್ಕೆ ನಿನ್ನನ್ನು ಬಿಟ್ಟು ಬೇರೆ ಯಾರನ್ನೂ ನಿಲ್ಲಿಸಲು ನನಗೆ ಮನಸ್ಸಿಲ್ಲ. ಇಂಗ್ಲಿಷ್ ಬರಹದ ಕಾಗದ ಈ ಸಲ ಮುಂಚಿತವಾಗಿ ಬಂದಿದೆ, ಆರು ರೀಲಿನದೂ ಪೂರ್ತಿ ಎಂದು ಲಕೋಟೆಯ ಮೇಲೆ ಬರೆದಿದೆ. ಇದರ ಜೊತೆ ಕಳುಹಿಸಿದ್ದೇನೆ. ಲಕೋಟೆಯನ್ನು ನಾನು ಒಡೆದಿಲ್ಲ. ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿ, ಬಿಡುವಿಲ್ಲ.

ಸೆಲೀನ್, ಲೊರ್ನಾ ಎಲ್ಲರೂ ಬರಲಿ. ಮೊದಲ ಸಾಲು ಹೆಂಗಸರಿಗೆಂದೇ ಇಟ್ಟಿದ್ದೇವೆ.

ವಿಶ್ವಾಸದಿಂದ,
ವ್ಯಾಲೆಂಟೈನ್


ಕಾರ್ಕಳ,
8 ಜನವರಿ 1983

ವ್ಯಾಲಿ,

ಕ್ರಿಸ್ಮಸ್ ಕಳೆಯಿತು, ಕುಸ್ವಾರ್ ತಿಂಡಿ ಮುಗಿಯಿತು, ಲಕೋಟೆ ಒಡೆದೆ.

ಐದನೇ ರೀಲು. ಗಂಡ ಬಾಗಿಲು ತಟ್ಟುತ್ತಾನೆ, ಹೆಂಡತಿ ಬಾಗಿಲು ತೆರೆಯುತ್ತಾಳೆ. ಅಲ್ಲಿ ಬರುವ ಬರಹ ಏನು ಗೊತ್ತುಂಟಾ? "ಮರುದಿನ ಬೆಳಿಗ್ಗೆ." ಅಷ್ಟೇ. ಹಿಂದೆ ನೋಡಿದೆ, ಮುಂದೆ ನೋಡಿದೆ. ಆರನೇ ರೀಲಿನಲ್ಲಿ ಅವಳು ಅವನಿಗೆ ಸೂಪು ಬೇಕಾ ಎಂದು ಕೇಳುತ್ತಾಳೆ. ಹಾದಿ ಇಲ್ಲ, ಹೊತ್ತು ಇಲ್ಲ.

ನಿನ್ನ ರಕ್ಷಾಪುಟದ ಮಾತು ಹುಟ್ಟಿದ್ದು ಯಾವ ದೇಶದಲ್ಲಿ ಎಂದು ನಾನು ಹೇಳಬೇಕೇ? ಜೂನ್ ತಿಂಗಳಲ್ಲಿ ಕೇಳಿದ್ದೆ. ನನಗೆ ಒಂದು ಚೂರು ಪುಣ್ಯ ಕೊಟ್ಟಿದ್ದೀ. ಆ ಚೂರನ್ನು ಇಟ್ಟುಕೊಂಡಿದ್ದೇನೆ, ಹಲ್ಲಿನ ಸಂದಿಯಲ್ಲಿ.

ಪುಸ್ತಕ ಅಚ್ಚಾಗಿರಬಹುದು, ಆಗದೆಯೂ ಇರಬಹುದು. ನಾನು ಬರುತ್ತೇನೆ. ಇಸ್ತ್ರಿ ಹಾಕಿದ ಅಂಗಿ ಹಾಕಿಕೊಂಡು ಪರದೆಯ ಪಕ್ಕ ನಿಲ್ಲುತ್ತೇನೆ. ಕಾಗದದಲ್ಲಿ ಏನುಂಟೋ ಅದನ್ನು ಓದುತ್ತೇನೆ, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ನಿನ್ನ ಅಧ್ಯಕ್ಷರು ಎರಡೂ ಭಾಷೆ ಬಲ್ಲವರಲ್ಲವೇ, ಕೇಳಿ ಆನಂದಿಸಲಿ. ಬೇಡವೆಂದಾದರೆ ಒಂದು ಕಾರ್ಡು ಹಾಕು. ಮಣಿಪಾಲದ ಅಂಚೆ ಕಾರ್ಕಳಕ್ಕೆ ಬರುವ ದಾರಿ ಇನ್ನೂ ಮರೆತಿಲ್ಲ.

ಜೋಕಿಮ್ ಮಥಾಯಸ್


ಮಣಿಪಾಲ,
3 ಫೆಬ್ರವರಿ 1983

ನನ್ನ ಜೋಕಿಮ್,

ನಿನ್ನ ಜನವರಿಯ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ಮೂರು ಸಲ ಕೂತು ಎದ್ದೆ. ಪುಸ್ತಕ ಅಚ್ಚಾಗಿತ್ತು.

ಭಾನುವಾರ ಸಂಜೆ ಎರಡನೇ ಸಾಲಿನಲ್ಲಿ, ಅಧ್ಯಕ್ಷರ ಪಕ್ಕ ಕೂತಿದ್ದೆ. ಐದನೇ ರೀಲು ಶುರುವಾಗುವಾಗ ನನ್ನ ಅಂಗೈ ಎಷ್ಟು ಬೆವರಿತ್ತೆಂದರೆ ಕೈಯಲ್ಲಿದ್ದ ಪುಸ್ತಕದ ಹೊದಿಕೆ ಒದ್ದೆಯಾಗಿತ್ತು. ಗಂಡ ಬಾಗಿಲು ತಟ್ಟಿದ. ನೀನು ಕಾಗದವನ್ನು ಬೆಳಕಿಗೆ ಹಿಡಿದೆ. ಎಲ್ಲ ಮುಗಿಯಿತು ಎಂದುಕೊಂಡೆ.

ಆಗ ಮೊದಲ ಸಾಲು ಬಾಯಿಬಿಟ್ಟಿತು. ಯಾರು ಶುರು ಮಾಡಿದರೋ, ಸೆಲೀನ್ ಅವರ ಸ್ವರವೇ ಮೊದಲು ಕೇಳಿದ ಹಾಗಾಯಿತು. ಆಮೇಲೆ ಲೊರ್ನಾ, ಐಸಮ್ಮ, ಅವರ ಜೊತೆಗೆ ಹೆಂಗಸರ ಸಾಲೆಲ್ಲ, ಇಗರ್ಜಿಯಲ್ಲಿ ಪ್ರಾರ್ಥನೆ ಹೇಳುವ ಹಾಗೆ ಒಟ್ಟಿಗೆ: ಹೋದವನಿಗೆ ಹಾದಿ ಮಾತ್ರ ಗೊತ್ತು... ಐಸಮ್ಮನ ಗಂಡ ದುಬೈಯಿಂದ ಬಂದವನು ನನ್ನ ಸಾಲಿನಲ್ಲೇ ತಲೆತಗ್ಗಿಸಿ ಕೂತಿದ್ದ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಪರದೆಯ ಮೇಲಿನ ಬರಹ ಏನೆಂದು ಯಾರೂ ಕೇಳಲಿಲ್ಲ.

ನಾನು ಮಾತ್ರ ನಿನ್ನನ್ನು ನೋಡುತ್ತಿದ್ದೆ. ಆ ಗದ್ದಲದಲ್ಲಿ ಸ್ವರ ಕೇಳಲಿಲ್ಲ, ಆದರೆ ನಿನ್ನ ತುಟಿ ಅಲುಗಿದ್ದು ಕಂಡಿತು. ನೀನೂ ಅವರ ಜೊತೆ ಅದೇ ಮಾತನ್ನು ಹೇಳುತ್ತಿದ್ದೆ. ಕೈಯಲ್ಲಿ ನನ್ನನ್ನು ಮುಗಿಸುವ ಕಾಗದ ಇಟ್ಟುಕೊಂಡು, ನಿನ್ನದೇ ಮಾತನ್ನು ಆ ಬೆಲ್‌ವುಡ್‌ಗೆ ಬಿಟ್ಟುಕೊಟ್ಟೆ.

ಈಗ ನಾನು ಹೇಳಬೇಕಾದದ್ದು. ಅದು ನಿನ್ನ ಮಾತೆಂದು ನನಗೆ ಮೊದಲ ದಿನವೇ ಗೊತ್ತಿತ್ತು. ಇನ್ನಂಜೆಯಿಂದಲೂ ನಿನ್ನ ಪ್ರಾಸದ ಕಾಟ ಸಹಿಸಿದವನು ನಾನು, ನನಗೆ ಗುರುತು ಸಿಗದೆ ಹೋದೀತೇ? ಆ ಮೊದಲ ಪ್ರದರ್ಶನದ ಕತ್ತಲಲ್ಲಿ ಕೂತು ಯೋಚಿಸಿದೆ: ಇಷ್ಟು ಓದಿದ ನನ್ನಿಂದ ಇಂಥ ಒಂದು ಸಾಲು ಯಾಕೆ ಬರಲಿಲ್ಲ, ಮೈಕಿನ ಕಾರಿನವನಿಗೆ ಯಾಕೆ ಬಂತು? ಬೆಲ್‌ವುಡ್‌ಳ ಮಾತು ಎಂದುಕೊಂಡರೆ ಹೊಗಳಿ ಬರೆಯಬಹುದಿತ್ತು. ನಿನ್ನದೆಂದು ಬರೆಯಲು ಹೊರಟರೆ ಪೆನ್ನು ಓಡುತ್ತಿರಲಿಲ್ಲ. ಇಷ್ಟು ಕಂತು ಬರೆದೆ, ಜನ ನೆನಪಿಟ್ಟದ್ದು ಅದೊಂದನ್ನೇ. ಅದೊಂದು ನನ್ನದಲ್ಲ.

ಎರಡನೇ ಮುದ್ರಣದಲ್ಲಿ ಆ ಮಾತಿನ ಕೆಳಗೆ ನಿನ್ನ ಹೆಸರು ಇರುತ್ತದೆ. ಈ ಕಾಗದವನ್ನು ಸೆಲೀನ್ ಅವರಿಗೂ ಓದಿ ಹೇಳು.

ನಿನ್ನ,
ವ್ಯಾಲಿ


ಕಾರ್ಕಳ,
9 ಫೆಬ್ರವರಿ 1983

ಮಾನ್ಯ ಅಧ್ಯಕ್ಷರೇ, ಮುಂದಿನ ಸಾಲಿನ ಮಹಿಳೆಯರೇ, ಎರಡನೇ ಸಾಲಿನ ಲೆಕ್ಚರರೇ,

ಇಂದಿನ ವಿಷಯ, ಜೋಕಿಮ್ ಮಥಾಯಸ್ ಎಂಬ ಉದಾರಿಯ ಜೀವನ ಚರಿತ್ರೆ. ಈತ ಮೊದಲು ಟಾಕೀಸಿನಲ್ಲಿ ಟಿಕೆಟ್ ಹರಿಯುತ್ತಿದ್ದ. ಹರಿಯುತ್ತಾ ಹರಿಯುತ್ತಾ ಮೆನೇಜರನಾದ. ಒಂದು ದಿನ ಪೆಟ್ಟಿಗೆಯಲ್ಲಿ ಕಾಗದ ಬರಲಿಲ್ಲ, ಈತನಿಗೆ ಮಾತು ಬಂತು. ಆ ಮಾತು ಕಡಲು ದಾಟಿತು, ಮಾತಾಡಿದವನು ಬಜಗೋಳಿ ದಾಟಲಿಲ್ಲ.

ವ್ಯಾಲಿ, ನಿನ್ನ ಕಾಗದ ನಾನು ಓದಿ ಹೇಳಬೇಕಾಗಲಿಲ್ಲ. ಸೆಲೀನಳೇ ಕಿತ್ತುಕೊಂಡು ಓದಿದಳು. ಒಳಗೆ ಹೋಗಿ ಕಪಾಟಿನ ಬಾಗಿಲಿನಲ್ಲಿದ್ದ ಚೀಟಿಯ ಕೆಳಗಿನ ತುದಿಯನ್ನು, ಕೋರಾ ಬೆಲ್‌ವುಡ್ ಎಂದು ಇದ್ದ ಭಾಗವನ್ನು, ಉಗುರಿನಿಂದ ಕೆರೆದು ತೆಗೆದಳು. ಆ ದಿನ ಮಧ್ಯಾಹ್ನಕ್ಕೆ ಹಂದಿಮಾಂಸದ ಬಫಾತ್ ಮಾಡಿದಳು, ಹಬ್ಬವಿಲ್ಲ, ಹರಿದಿನವಿಲ್ಲ. ಲೊರ್ನಾ ಕಾಪುವಿನಿಂದ ಬಂದು "ಭಾವ" ಎಂದವಳು ನನಗೆ ಇನ್ನೊಂದು ಸೌಟು ಬಡಿಸಿದಳು. ನನ್ನ ಹೆಸರು ಬರುತ್ತದೆ ಎಂದು ಬರೆದಿದ್ದೀಯಲ್ಲ, ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಬಂದಾಯಿತು.

ಎಲ್ಲರೂ ಹೋದ ಮೇಲೆ ಸೆಲೀನ್ ಪಾತ್ರೆ ಬದಿಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನ ಎದುರು ಬಂದು ಕೂತಳು.

"ನಾನೇ ನಂಬಲಿಲ್ಲ ಅಲ್ವಾ. ಈಗ ನೀವೇ ಒಮ್ಮೆ ಹೇಳಿ. ನನಗೆ ಹೇಳಿ, ಕೇಳುತ್ತೇನೆ."

ನೀನು ನಂಬಲಿಕ್ಕಿಲ್ಲ, ನನಗೆ ಬಾಯಿ ಬರಲಿಲ್ಲ. ಮೈಕು ಹಿಡಿದು ಊರೂರು ಕೂಗಿದವನಿಗೆ ಅಡುಗೆಮನೆಯಲ್ಲಿ ಒಬ್ಬಳ ಎದುರು ಎರಡು ಗೆರೆ ಬರಲಿಲ್ಲ. ಅವಳು ಕಾದಳು. "ನಾಚಿಕೆಯಾ?" ಎಂದು ನಕ್ಕು ಎದ್ದುಹೋದಳು. ಆವತ್ತಿನಿಂದ ಮನೆಯಲ್ಲಿ ಎಲ್ಲರೂ ನನ್ನನ್ನು ದೊಡ್ಡ ಮನಸ್ಸಿನವನು ಎಂದು ನೋಡುತ್ತಿದ್ದಾರೆ.

ಎರಡನೇ ಮುದ್ರಣಕ್ಕೆ ಹೆಸರು ಹಾಕುವ ಮೊದಲು ಒಂದು ತಿದ್ದುಪಡಿ ಉಂಟು. ನನ್ನ ತುಟಿ ಅಲುಗಿದ್ದು ನಿಜ. ಅದಕ್ಕೆ ನೀನು ಬೇರೆ ಬರಹ ಅಂಟಿಸಿದ್ದೀ. ಹೆಂಗಸರು ನನ್ನ ಮಾತನ್ನು ಹೇಳುತ್ತಿದ್ದಾಗ, ಸೆಲೀನಳ ಸ್ವರ ನನ್ನ ಕಿವಿಗೆ ಸ್ಪಷ್ಟವಾಗಿ ಕೇಳುತ್ತಿದ್ದಾಗಲೂ, ನಾನು ನಿನ್ನನ್ನೇ ನೋಡುತ್ತಾ, ನಿನಗೆ ಕೇಳಲಿ ಎಂದು, ಎಷ್ಟು ಸಾಧ್ಯವೋ ಅಷ್ಟು ಗಟ್ಟಿಯಾಗಿ ಹೇಳಿದ್ದು "ಮರುದಿನ ಬೆಳಿಗ್ಗೆ." ಎರಡು ಸಲ ಹೇಳಿದೆ.

ಜೋಕಿಮ್